ವಾಚು ಬಿಚ್ಚಿ ಹೊಡೆಯುತ್ತಿದ್ದವನು

ಅವನು ಸತ್ತ ಸುದ್ದಿಯನ್ನು ನನಗೆ ಮುಟ್ಟಿಸಿದವಳು ನಮ್ಮ ಬೀದಿಗೆ ಹಾಲು ಹಾಕುವ ಹೆಂಗಸು. "ಸಿಸ್ಟ್ರೇ, ಗುಂಡಿ ಕಂಟ್ರಾಕ್ಟ್ರು ಹೋಗ್ಬುಟ್ರಂತೆ" ಅಂದಳು, ಹಾಲಿನ ಕ್ಯಾನು ಕೆಳಗಿಡದೆ. ನನ್ನ ಬಾಯಿಂದ ಮೊದಲು ಬಂದ ಮಾತು, "ಯಾರು ಹೊಡೆದರು?" ಅಂತ.

"ಯಾರೂ ಹೊಡ್ದಿಲ್ವಂತೆ. ಉಂಡು ಮನೀಕಂಡೋರು ಬೆಳಗ್ಗೆ ಎದ್ದೇ ಇಲ್ವಂತೆ."

ನನಗೆ ನಂಬಿಕೆಯೇ ಬರಲಿಲ್ಲ. ಅಂಥ ಮನುಷ್ಯ ಹಾಸಿಗೆಯಲ್ಲಿ ಮಲಗಿದ್ದಂತೆಯೇ ಸಾಯುತ್ತಾನೆಂದು ಕನಕಪುರದಲ್ಲಿ ಯಾರೂ ಎಣಿಸಿರಲಿಲ್ಲ. ಎಣಿಸಿದ್ದರೆ ಅವನ ಹೆಂಡತಿ ಒಬ್ಬಳೇ ಎಣಿಸಿರಬೇಕು, ಅದೂ ದೇವರಿಗೆ ಹರಕೆ ಹೊತ್ತು.

ನನ್ನ ಸರ್ವೀಸಿನ ಬಹುಪಾಲನ್ನು ನಾನು ಸರ್ಕಾರಿ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಕಳೆದವಳು. ಈ ಊರಿನವರನ್ನು ನಾನು ಹೆಸರಿಗಿಂತ ಹೊಲಿಗೆಯಿಂದಲೇ ಹೆಚ್ಚು ಗುರುತು ಹಿಡಿಯುತ್ತೇನೆ. ಮದುವೆ ಮನೆಯಲ್ಲಿ ಯಾರಾದರೂ ನಮಸ್ಕಾರ ಅಂದರೆ ನನ್ನ ಕಣ್ಣು ಮೊದಲು ಹೋಗುವುದು ಅವರ ಹುಬ್ಬಿಗೋ ಗದ್ದಕ್ಕೋ. ಹಾಗಾಗಿ ಗುಂಡಿ ಕಂಟ್ರಾಕ್ಟರನನ್ನು ನೋಡುವುದಕ್ಕೆ ಮುಂಚೆಯೇ ಅವನ ಕೈಕೆಲಸವನ್ನು ಸಾಕಷ್ಟು ನೋಡಿದ್ದೆ. ಟಿಪ್ಪರ್ ಡ್ರೈವರನೊಬ್ಬನ ಮುಂದಿನ ಹಲ್ಲು, ಗಾರೆ ಮೇಸ್ತ್ರಿಯೊಬ್ಬನ ಕಿವಿ, ಬೆಂಗಳೂರಿಂದ ಲೇಔಟ್ ಅಳೆಯಲು ಬಂದ ಸೂಪರ್‌ವೈಸರನ ತುಟಿ. ಯಾರು ಹೊಡೆದರು ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. ಹೇಳುವಾಗ ಒಮ್ಮೆ ಬಾಗಿಲ ಕಡೆ ನೋಡಿಕೊಳ್ಳುತ್ತಿದ್ದರು.

ಅವನ ಬಳಿ ಒಂದು ಹಳೆಯ ಜೆಸಿಬಿ ಇತ್ತು. ಪಾಯ ತೆಗೆಯುತ್ತಿದ್ದ, ಕೃಷಿ ಹೊಂಡ ತೋಡುತ್ತಿದ್ದ, ಪೈಪ್‌ಲೈನಿಗೆ ಕಾಲುವೆ ಹೊಡೆಯುತ್ತಿದ್ದ. ಆದರೆ ಹೆಸರು ಬಂದದ್ದು ಕಕ್ಕಸು ಗುಂಡಿಗಳಿಂದ. ಊರ ಹೊರಗೆ ಎದ್ದ ಲೇಔಟುಗಳಿಗೆ ಒಳಚರಂಡಿ ಇನ್ನೂ ಬಂದಿಲ್ಲ. ಮನೆಗೊಂದು ಗುಂಡಿ ಬೇಕೇ ಬೇಕು. ನಮ್ಮ ಕಡೆ ಮೇಲೊಂದಾಳುದ್ದ ಕೆಂಪು ಮಣ್ಣು, ಅದರ ಕೆಳಗೆ ಬರೀ ಬಂಡೆ. ಆ ಬಂಡೆಯ ಜೊತೆ ಗುದ್ದಾಡಿ ಗುದ್ದಾಡಿ ಮನುಷ್ಯರ ಜೊತೆಗೂ ಅವನಿಗೆ ಅದೇ ರೂಢಿಯಾಯಿತೋ, ಅಥವಾ ಹುಟ್ಟಿದ್ದೇ ಹಾಗೋ, ನನಗೆ ತಿಳಿಯದು.

ಹೊಡೆಯುವುದಕ್ಕೆ ಅವನದೊಂದು ಕ್ರಮವಿತ್ತು. ಅವನ ಎಡಗೈಯಲ್ಲಿ ಮಾವ ಮದುವೆಯಲ್ಲಿ ಕೊಟ್ಟ ಸ್ಟೀಲ್ ಚೈನಿನ ವಾಚು. ಸಿಟ್ಟು ನೆತ್ತಿಗೇರಿತೆಂದರೆ ಮೊದಲು ಆ ವಾಚು ಬಿಚ್ಚಿ ಪಕ್ಕದಲ್ಲಿ ನಿಂತವರ ಕೈಗೆ ಕೊಡುತ್ತಿದ್ದ. ಆಮೇಲೆ ಏಟು. ಬುದ್ಧಿಯಿದ್ದವರು ಅಷ್ಟರೊಳಗೆ ರಸ್ತೆ ಹಿಡಿದಿರುತ್ತಿದ್ದರು. ಒಂದು ಸಲ ಸಿಟ್ಟಿನ ಭರದಲ್ಲಿ ಹೊಡೆಸಿಕೊಳ್ಳಬೇಕಾದವನ ಕೈಗೇ ವಾಚು ಕೊಟ್ಟಿದ್ದನಂತೆ. ಅವನು ಎರಡೂ ಕೈಯೊಡ್ಡಿ ಭಕ್ತಿಯಿಂದ ಇಸಿದುಕೊಂಡು, ಏಟು ತಿಂದು, ವಾಚು ಒರೆಸಿ ವಾಪಸು ಕೊಟ್ಟು ನನ್ನ ಹತ್ತಿರ ಬಂದಿದ್ದ. ದವಡೆ ಊದಿ ಮಾತಾಡಲಾಗದಿದ್ದರೂ ಆ ಕಥೆ ಹೇಳಿ ನಕ್ಕವನೂ ಅವನೇ.

ಇಷ್ಟು ಓದಿ ಯಾರಾದರೂ ಅವನನ್ನು ಬಾಯಿ ಒರಟು, ಮನಸ್ಸು ಬೆಣ್ಣೆ ಅಂತ ಅಂದುಕೊಳ್ಳುವುದು ಬೇಡ. ಅವನ ಹೆಂಡತಿಯ ಹುಬ್ಬಿಗೆ ಹೊಲಿಗೆ ಹಾಕಿದವಳೂ ನಾನೇ. ಬಾಗಿಲು ಬಡಿಯಿತು ಅಂದಳು. ಬಾಗಿಲು ಬಡಿದರೆ ಹೇಗೆ ಸೀಳುತ್ತದೆ, ಉಂಗುರದ ಕೈ ಬಡಿದರೆ ಹೇಗೆ ಸೀಳುತ್ತದೆ ಅಂತ ನನಗೆ ಗೊತ್ತಿಲ್ಲವೇ? ಹೊರಗೆ ಬೆಂಚಿನ ಮೇಲೆ ಕೂತಿದ್ದವನ ಹತ್ತಿರ ಹೋಗಿ, ಇನ್ನೊಂದು ಸಲ ಇವಳು ಈ ಬಾಗಿಲಲ್ಲಿ ಕಾಣಿಸಿಕೊಂಡರೆ ನಿನ್ನನ್ನು ಸ್ಟೇಷನ್ನಿನಲ್ಲಿ ಕೂರಿಸುತ್ತೇನೆ ಅಂತ ಇಡೀ ವಾರ್ಡಿಗೆ ಕೇಳುವಂತೆ ಬೈದೆ. ತಲೆ ಬಗ್ಗಿಸಿಕೊಂಡು ಕೇಳಿದ. ಆಮೇಲೆ ಅವಳು ಬರಲಿಲ್ಲ. ಹೊಡೆಯುವುದು ನಿಂತಿತೋ, ಆಸ್ಪತ್ರೆಗೆ ಬರುವುದು ನಿಂತಿತೋ, ಆ ಸಂಶಯ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆ ಹುಬ್ಬಿನ ವಿಷಯದಲ್ಲಿ ನಾನು ಅವನನ್ನು ಕ್ಷಮಿಸಿಲ್ಲ. ಸತ್ತ ಅಂತ ಕ್ಷಮಿಸುವವಳೂ ಅಲ್ಲ.

ಹೀಗಿದ್ದೂ ನಾವು ಕೋಡಿಹಳ್ಳಿ ರಸ್ತೆಯ ಕಡೆ ಮನೆ ಕಟ್ಟುವಾಗ ಗುಂಡಿಗೆ ಕರೆಸಿದ್ದು ಅವನನ್ನೇ. ಬೇರೆಯವರೆಲ್ಲ ನಾಳೆ ಬತ್ತೀನಿ, ನಾಳಿದ್ದು ಬತ್ತೀನಿ ಅಂತ ಸತಾಯಿಸಿದ್ದರು. ಇವನು ಬರುತ್ತೇನೆಂದ ಹೊತ್ತಿಗೆ ಬಂದು ಗೇಟಿನ ಮುಂದೆ ನಿಂತು ಕೂಗಿದ. ನಮ್ಮ ಯಜಮಾನರು ವಾಸ್ತುವಿನ ಪುಸ್ತಕ ಹಿಡಿದು, ಗುಂಡಿ ವಾಯುವ್ಯ ಮೂಲೆಯಲ್ಲೇ ಬರಬೇಕು ಅಂದರು. ಅವನು ಆ ಮೂಲೆಗೆ ಹೋಗಿ ಕಾಂಪೌಂಡಿನಾಚೆ ಇಣುಕಿದ.

"ಇಲ್ಲಿ ಪಕ್ಕದೋರ ಬೋರೈತಲ್ಲ ಸಾ. ನಿಮ್ಮನೆ ಹೇಲ ತಗಂಡೋಗಿ ಅವ್ರು ಕುಡಿಯೋ ನೀರ್ಗೆ ಬುಡಾನಾ? ಆಗ ಒಳ್ಳೇದಾಯ್ತದಾ ನಿಮ್ಗೆ?"

"ಶಾಸ್ತ್ರ ಅಂತ ಒಂದಿರುತ್ತಲ್ಲಪ್ಪಾ" ಅಂದರು ಇವರು.

ಅವನು ವಾಚಿನ ಚೈನಿನ ಮೇಲೆ ಬೆರಳಿಟ್ಟ. ಗುಂಡಿ ಎದುರು ಮೂಲೆಗೆ ಹೋಯಿತು. ಇವರಿಗೆ ವಾಸ್ತುವಿನ ಮೇಲಿದ್ದ ನಂಬಿಕೆಯೂ ಅಲ್ಲಿಗೆ ಮುಗಿಯಿತು.

ಜೆಸಿಬಿ ಹಲ್ಲು ನೆಲಕ್ಕೆ ತಾಗುವ ಮೊದಲು ಅವನು ಚೀಲದಿಂದ ಒಂದು ಹುಂಜ ತೆಗೆದ. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಕತ್ತು ಹಾರಿಸಿ ರಕ್ತವನ್ನು ಗುಂಡಿಗೆ ಗುರುತು ಹಾಕಿದ್ದ ಸುಣ್ಣದ ಗೆರೆಯ ಸುತ್ತ ಚೆಲ್ಲಿಯಾಗಿತ್ತು. ತಲೆಯಿಲ್ಲದ ಹುಂಜ ನನ್ನ ಮರಳಿನ ರಾಶಿಯ ಮೇಲೆಲ್ಲ ಓಡಾಡಿತು. ಕಕ್ಕಸು ಗುಂಡಿಗೂ ಬಲಿಯೇನಯ್ಯಾ ಅಂತ ರೇಗಿದೆ.

"ಮನೆಗೆ ಗುದ್ಲಿ ಪೂಜೆ ಮಾಡಿ ಲಾಡು ಹಂಚ್ತೀರಿ. ಮನೆ ಯಾರ್ನ ತಿಂತದೆ ಅಕ್ಕ? ತಿನ್ನೋದು ಗುಂಡಿ. ಅದ್ರ ಬಾಯ್ಗೆ ಮೊದ್ಲೇ ಒಸಿ ಹಾಕ್ಬುಡ್ಬೇಕು" ಅಂದ, ಕೈ ತೊಳೆಯುತ್ತ. ಮಧ್ಯಾಹ್ನ ಅವನ ಆಳುಗಳು ಅದೇ ಹುಂಜದ ಸಾರು ಮಾಡಿ ಮುದ್ದೆ ಉಂಡರು. ಅವನು ಮಾತ್ರ ಗುಂಡಿಗೆ ಸಿಮೆಂಟಿನ ರಿಂಗು ಇಳಿದು ಮೇಲೆ ಚಪ್ಪಡಿ ಮುಚ್ಚುವ ತನಕ ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಎಲ್ಲ ಗುಂಡಿಯಲ್ಲೂ ಹಾಗೇನಂತೆ.

ಮಾರನೆಯ ದಿನ ನಮ್ಮ ಯಜಮಾನರು ಫೋನಿನಲ್ಲಿ ಯಾರ ಜೊತೆಗೋ ಟೈಲ್ಸ್ ವಿಷಯ ಮಾತಾಡುತ್ತ ಗುಂಡಿಯ ಅಂಚಿಗೆ ಹೋಗಿ ನಿಂತಿದ್ದರು. ಅವನು ಆ ಕಡೆಯಿಂದ ಓಡಿಬಂದು ಇವರ ಕಾಲರು ಹಿಡಿದು ಎತ್ತಿ ಒಗೆದ. ಇವರು ಜಲ್ಲಿಯ ಮೇಲೆ ಬಿದ್ದರು, ಫೋನು ಗುಂಡಿಗೆ ಬಿತ್ತು. ಬೈಯಲು ಇವರು ಬಾಯಿ ತೆರೆಯುವುದಕ್ಕೂ ಆ ಅಂಚು ದಬಕ್ಕನೆ ಕುಸಿಯುವುದಕ್ಕೂ ಸರಿಹೋಯಿತು. ಇವರ ಮೊಣಕೈಗೆ ನಾನೇ ಪಟ್ಟಿ ಹಾಕಿದೆ. ಅವನು ತಮ್ಮ ಜೀವ ಉಳಿಸಿದ ಅಂತ ಇವರು ಒಪ್ಪುತ್ತಾರೆ. ಆದರೆ ಹೊಸ ಶರ್ಟು ಹರಿದದ್ದನ್ನು ಮಾತ್ರ ಮರೆಯುವುದಿಲ್ಲ.

ಅವನ ಆಳುಗಳು ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದದ್ದು ಒಂದು ಕಟ್ಟಳೆಗೆ. ಬಳಸಿದ ಗುಂಡಿಗೆ, ಅದು ಒಣಗಿದ್ದರೂ ಸರಿ, ಯಾರೂ ಇಳಿಯುವಂತಿಲ್ಲ. ನಮ್ಮ ಕೆಲಸ ಮುಗಿದ ಮೇಲೆ ಹಿಂದಿನ ಮನೆಯವರು ತಮ್ಮ ಹಳೇ ಗುಂಡಿಯನ್ನು ಅವನ ಕೈಲಿ ಒಡೆಸಿದರು. ಅಲ್ಲಿ ಆಳೊಬ್ಬ, ಕೈಜಾರಿ ಒಳಗೆ ಬಿದ್ದ ಸನಿಕೆ ತೆಗೆಯಲು ಏಣಿಯ ಮೇಲೆ ಒಂದು ಕಾಲಿಟ್ಟನಷ್ಟೆ. ಇವನು ಅವನ ಜುಟ್ಟು ಹಿಡಿದು ಮೇಲಕ್ಕೆಳೆದು ಮೂಗಿನ ಮೇಲೆ ಗುದ್ದಿದ. ಕೆಳಗೆ ಬಿದ್ದವನನ್ನು ಒದ್ದ. ನಾನು ಓಡಿಹೋಗಿ ನಡುವೆ ನಿಂತೆ. ರಕ್ತ ನನ್ನ ಸೀರೆಯ ಮೇಲೆಲ್ಲ ಹಾರಿತು.

"ಮೂಗು ಮುರಿದಿದೆಯಲ್ಲೋ, ಮನುಷ್ಯನೇನೋ ನೀನು?" ಅಂತ ಕಿರುಚಿದೆ.

"ಮುರೀಲಿ. ಮೂಗು ವಾಸಿಯಾಯ್ತದೆ. ಆ ಗುಂಡಿ ಒಳ್ಗೆ ಗಾಳಿ ಸತ್ತೋಗಿರ್ತದೆ ಕಣಕ್ಕ. ಅದ ಒಂದ್ ದಪ ಎಳ್ಕಂಡೋನು ಮತ್ತೆ ಎದ್ದು ಬರಾಕಿಲ್ಲ. ಬಾಯಲ್ಲಿ ಹೇಳಿದ್ರೆ ಮರೀತವೆ ಬಡ್ಡಿಮಕ್ಳು. ಮೂಗು ನೊಂದ್ರೆ ಮರಿಯಾಕಿಲ್ಲ."

ಅವನು ಹೇಳಿದ್ದು ನನಗೆ ಹೊಸದೇನಲ್ಲ. ಒಂದೇ ಮನೆಯ ಮೂವರು ಒಂದೇ ಗುಂಡಿಯಿಂದ ನಮ್ಮ ಆಸ್ಪತ್ರೆಗೆ ಬಂದು ಸಾಲಾಗಿ ಮಲಗಿದ್ದನ್ನು ನಾನು ಹಿಂದೊಮ್ಮೆ ನೋಡಿದ್ದೆ. ಮೈಮೇಲೆ ಒಂದು ಗೀರೂ ಇರಲಿಲ್ಲ. ಮೊದಲನೆಯವನು ಬಿದ್ದ ಬಕೆಟ್ಟು ತೆಗೆಯಲು ಇಳಿದಿದ್ದ, ಎರಡನೆಯವನು ಮೊದಲನೆಯವನನ್ನು ಎತ್ತಲು, ಮೂರನೆಯವನು ಎರಡನೆಯವನನ್ನು ಎತ್ತಲು. ನಮ್ಮ ಜನರ ತಪ್ಪೆಂದರೆ ಇದೇ. ಒಡಹುಟ್ಟಿದವನು ಕೆಳಗೆ ಬಿದ್ದರೆ ಮೇಲೆ ನಿಂತು ಯೋಚನೆ ಮಾಡುವುದು ಅವರಿಗೆ ಗೊತ್ತಿಲ್ಲ, ಹಿಂದೆಯೇ ಧುಮುಕುತ್ತಾರೆ. ಹಾಗಂತ ಮೂಗು ಮುರಿಯುವುದು ಸರಿಯೆಂದು ನಾನು ಅವತ್ತು ಒಪ್ಪಲಿಲ್ಲ. ಆಳಿನ ಮೂಗಿಗೆ ಹತ್ತಿಯುಂಡೆ ಒತ್ತುತ್ತ ಕಂಟ್ರಾಕ್ಟರನನ್ನು ಬೈಯುತ್ತಲೇ ಇದ್ದೆ.

ಅದಾದ ಮೇಲೆ ರಾಮನಗರ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ ಆ ಕೆಟ್ಟ ಕೆಲಸ ನಡೆಯಿತು. ಮಂಟಪದ ಹಳೇ ಗುಂಡಿ ತುಂಬಿ, ಹಿಂದುಗಡೆ ಹೊಸದು ತೋಡಲು ಇವನನ್ನು ಕರೆಸಿದ್ದರು. ಅಲ್ಲಿ ಕಸ ಮುಸುರೆ ನೋಡಿಕೊಳ್ಳಲು ಅಣ್ಣ ತಮ್ಮ ಇಬ್ಬರಿದ್ದರು. ಮುಂಚೆ ಚನ್ನಪಟ್ಟಣದಲ್ಲಿ ರೇಷ್ಮೆ ಗೂಡು ಬೇಯಿಸುವ ಕೆಲಸ ಮಾಡಿದವರು. ಬಿಸಿನೀರಿನಲ್ಲಿ ಆಡಿ ಆಡಿ ಬೆರಳ ತುದಿಗಳು ಬೆಳ್ಳಗಾಗಿದ್ದವು. ಅವರು ಯಾವ ಕೇರಿಯವರು ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಗುಂಡಿಗೆ ಇಳಿ ಅಂತ ನಮ್ಮೂರಲ್ಲಿ ಯಾರಿಗೆ ಹೇಳುತ್ತಾರೆ, ಯಾರಿಗೆ ಹೇಳುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು.

ಅವತ್ತು ಮುಹೂರ್ತದ ದಿನ. ಕಕ್ಕಸುಗಳು ಕಟ್ಟಿಕೊಂಡು ಊಟದ ಮನೆಯವರೆಗೂ ನಾತ. ಇವನು ಬೆಳಿಗ್ಗೆಯೇ ಹಳೇ ಗುಂಡಿಯ ಚಪ್ಪಡಿ ಸರಿಸಿ, ಗಾಳಿಯಾಡಲಿ, ಹತ್ತಿರ ಯಾರೂ ಸುಳಿಯಕೂಡದು ಅಂತ ಗದರಿಸಿ, ಜೆಸಿಬಿಯ ಹರಿದ ಎಣ್ಣೆ ಪೈಪಿನ ರಿಪೇರಿಗೆಂದು ಟೌನಿಗೆ ಬಂದಿದ್ದ. ಮಂಟಪದ ಮಾಲೀಕನಿಗೆ ಅಷ್ಟು ತಾಳ್ಮೆಯಿಲ್ಲ. ಅಣ್ಣನನ್ನು ಕರೆದು, "ಅವ್ನ್ ಬರೋಗಂಟ ಬೀಗ್ರು ಮೂಗ್ ಮುಚ್ಕಂಡ್ ಕೂತಿರ್ಬೇಕಾ? ಒಸಿ ಇಳ್ದು ಪೈಪಿನ ಬಾಯಿ ಬುಡ್ಸು ಹೋಗ್ಲಾ" ಅಂದ. ಅಣ್ಣ ಇಳಿದ. ಇಳಿದವನು ಅಲ್ಲೇ ಕುಸಿದ.

ತಮ್ಮ ಎಂಜಲೆಲೆ ಹೊತ್ತುಕೊಂಡು ಹಿಂದೆ ಬಂದವನು ಗುಂಡಿಯೊಳಗೆ ನೋಡಿದ. ಎಲೆ ಅಲ್ಲೇ ಚೆಲ್ಲಿ ಅಂಚಿನಲ್ಲಿ ಕೂತು ಎರಡೂ ಕಾಲು ಇಳಿಬಿಟ್ಟ. ಅಡುಗೆಯವರಿಬ್ಬರು ಅವನ ಅಂಗಿ ಹಿಡಿದು ಎಳೆಯುತ್ತಿದ್ದರು, ಅಂಗಿ ಹರಿಯುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಕಂಟ್ರಾಕ್ಟರ್ ವಾಪಸು ಬಂದ. ಹಿಂದಿನಿಂದ ತಬ್ಬಿ ಎಳೆದ. ಹುಡುಗ ಗಟ್ಟಿಯಾಳು, ಇವನ ಮುಂಗೈ ಕಚ್ಚಿ ಮಾಂಸ ಕಿತ್ತ, ಕೈಗೆ ಸಿಕ್ಕ ಜಲ್ಲಿ ಕಲ್ಲಿನಿಂದ ತಲೆಗೆ ಹೊಡೆದ, ಬಿಡಿಸಿಕೊಂಡು ಮತ್ತೆ ಗುಂಡಿಯ ಬಾಯಿಗೆ ತೆವಳಿದ. ಇವನು ಅಲ್ಲೇ ಬಿದ್ದಿದ್ದ ಹಾರೆ ಎತ್ತಿ ಅವನ ಮೊಣಕಾಲಿನ ಕೆಳಗೆ ಬೀಸಿದ. ಮೂಳೆ ಮುರಿದ ಸದ್ದು ಓಲಗದ ಸದ್ದಿನಲ್ಲೂ ಕೇಳಿಸಿತು ಅಂತ ಆ ಅಡುಗೆಯವರಲ್ಲೊಬ್ಬ ನನಗೆ ಹೇಳಿದ.

ಆಮೇಲೆ ಇವನು ಹುಡುಗನ ಎದೆಯ ಮೇಲೆ ಕೂತುಬಿಟ್ಟ. ಕೂತುಕೊಂಡೇ ಅಡುಗೆಯವರಿಗೆ ಹಗ್ಗ ಬಿಡಿ, ಕೊಕ್ಕೆ ಬಿಡಿ, ಬಗ್ಗಬೇಡಿ, ಉಸಿರು ಬಿಗಿಹಿಡಿಯಿರಿ ಅಂತ ಕೂಗಿದ. ಕೆಳಗೆ ಬಿದ್ದ ಹುಡುಗ, "ಬುಡ್ಲಾ, ನಮ್ಮಣ್ಣ ಕಣ್ಲಾ, ಬುಡ್ಲಾ" ಅಂತ ಮುಖಕ್ಕೆ ಉಗಿಯುತ್ತಲೇ ಇದ್ದನಂತೆ. ಕೊಕ್ಕೆ ಅಣ್ಣನ ಸೊಂಟದ ಬೆಲ್ಟಿಗೆ ಸಿಕ್ಕಿ ಮೇಲೆ ಬರುವಷ್ಟರಲ್ಲಿ ಮುಗಿದಿತ್ತು.

ಆಗ ಇವನು ಎದ್ದು ಮಂಟಪದೊಳಗೆ ನಡೆದ. ಮಾಲೀಕ ಬೀಗರ ಸಾಲಿನಲ್ಲಿ ಕೂತು ನಗುತ್ತಿದ್ದ. ಅವತ್ತು ಇವನು ವಾಚು ಬಿಚ್ಚಲಿಲ್ಲ. ಮದುಮಕ್ಕಳ ಎದುರಿಗೇ ಮಾಲೀಕನನ್ನು ಕುರ್ಚಿ ಸಮೇತ ಕೆಡವಿ, ಜನ ಬಿಡಿಸುವ ತನಕ ಮುಖದ ಮೇಲೆ ಗುದ್ದಿದ. ಹೆಂಗಸರು ಮಕ್ಕಳನ್ನೆತ್ತಿಕೊಂಡು ಹೊರಗೆ ಓಡಿದರು, ಅಕ್ಷತೆಯ ಮೇಲೆ ರಕ್ತ ಬಿತ್ತು.

ಅಣ್ಣನ ಹೆಣ, ಕಾಲು ಮುರಿಸಿಕೊಂಡ ಹುಡುಗ, ಆ ಕಾಲು ಮುರಿದ ಕಂಟ್ರಾಕ್ಟರ್, ಮೂವರೂ ಒಂದೇ ಗಾಡಿಯಲ್ಲಿ ನನ್ನ ಡ್ಯೂಟಿಗೆ ಬಂದರು. ಒಡೆದ ವಾಚಿನ ಗಾಜು ಇವನ ಮಣಿಕಟ್ಟಿನೊಳಗೆ ಹೂತಿತ್ತು. ನಾನು ಇಕ್ಕಳದಿಂದ ತೆಗೆಯುವಾಗ ಹುಡುಗ ಸ್ಟ್ರೆಚರಿನಿಂದ ಕೂಗಿದ: "ಇವ್ನೇ ಸಿಸ್ಟ್ರೇ ನಮ್ಮಣ್ಣನ್ನ ಕೊಂದೋನು. ನಾನ್ ಇಳ್ದಿದ್ರೆ ಎತ್ಕಬತ್ತಿದ್ದೆ."

ಇಳಿದಿದ್ದರೆ ನೀನೂ ಸಾಯುತ್ತಿದ್ದೆ ಕಣಪ್ಪಾ ಅಂದೆ. ನನಗೆ ಗೊತ್ತಿರುವುದನ್ನು ಹೇಳುವುದು ನನ್ನ ಕೆಲಸ ಅಂದುಕೊಂಡಿದ್ದೆ.

"ನಿಮ್ಮಣ್ಣ ಕೆಳ್ಗಿದ್ದು, ನಿಮ್ಮೆದೆ ಮ್ಯಾಲೆ ಒಬ್ಬ ಕೂತಿದ್ದಿದ್ರೆ ಗೊತ್ತಾಯ್ತಿತ್ತು ನಿಮ್ಗೆ" ಅಂದ. ನಾನು ಮತ್ತೆ ಇಕ್ಕಳ ಹಿಡಿದು ಗಾಜಿನ ಚೂರು ಹುಡುಕಿದೆ. ಕಂಟ್ರಾಕ್ಟರ್ ಗೋಡೆ ನೋಡುತ್ತ ಕೂತಿದ್ದ.

ಸತ್ತವನು ತಾನೇ ಹೋಗಿ ಇಳಿದ, ನನಗೆ ಗೊತ್ತೇ ಇಲ್ಲ ಅಂತ ಮಾಲೀಕ ಪೊಲೀಸರಿಗೆ ಹೇಳಿಕೆ ಕೊಟ್ಟು ಪಾರಾಗಲು ನೋಡಿದ. ಹುಡುಗನ ಕಾಲು ಮುರಿದವರು ಯಾರು ಅಂತ ಕೇಳಿದ್ದಕ್ಕೆ ಇವನು ಮಾತ್ರ, "ನಾನೇ. ಇನ್ನೊಂದ್ ಕಾಲು ಇಳಿಸಿದ್ರೆ ಅದ್ನೂ ಮುರೀತಿದ್ದೆ, ಬರ್ಕಳಿ" ಅಂದನಂತೆ. ಕೇಸು ಅವನ ಮೇಲೂ ಆಯಿತು. ಅವನು ಒಬ್ಬರ ಕೈಲೂ ತನ್ನ ಪರವಾಗಿ ಮಾತಾಡಿಸಲಿಲ್ಲ.

ಹುಡುಗನ ಕಾಲಿಗೆ ರಾಡು ಹಾಕಿದರು. ಅದು ನೆಟ್ಟಗೆ ಕೂಡಲಿಲ್ಲ, ಎಳೆದು ಹೆಜ್ಜೆ ಹಾಕುವಂತಾಯಿತು. ಆಮೇಲೆ ಶುರುವಾದದ್ದನ್ನು ಊರೆಲ್ಲ ಬಾಯಿ ಬಿಟ್ಟು ನೋಡಿತು. ಮಾರ್ನಾಮಿಗೋ ಯುಗಾದಿಗೋ, ಅಥವಾ ಕುಡಿದು ಕಾಲು ನೋವು ಜಾಸ್ತಿಯಾದಾಗಲೋ, ಅವನು ಕಂಟ್ರಾಕ್ಟರನ ಮನೆ ಮುಂದೆ ಬಂದು ನಿಲ್ಲುತ್ತಿದ್ದ. ಮೊದಲು ಕಲ್ಲು, ಆಮೇಲೆ ದೊಣ್ಣೆ, ಆಮೇಲೆ ಬರಿಗೈ. ಅಣ್ಣನ ಹೆಸರು ಹಿಡಿದು ಕೂಗುತ್ತ ಹೊಡೆಯುತ್ತಿದ್ದ. ದಾರಿಯಲ್ಲಿ ಹಾರ್ನ್ ಹೊಡೆದವನನ್ನೂ ಗಾಡಿಯಿಂದ ಇಳಿಸಿ ಚಚ್ಚುತ್ತಿದ್ದ ಕಂಟ್ರಾಕ್ಟರ್, ಇವನು ಬಂದರೆ ಜಗಲಿಯ ಮೇಲೆ ಕೈ ಕಟ್ಟಿ ಕೂತುಬಿಡುತ್ತಿದ್ದ. ಒಂದು ಸಲ ಅವನ ಬೆಳೆದ ಮಗ ತಡೆಯಲಾರದೆ ಹುಡುಗನ ಮೇಲೆ ಕೈಯೆತ್ತಿದ. ಕಂಟ್ರಾಕ್ಟರ್ ಎದ್ದು ಮಗನ ಕೆನ್ನೆಗೆ ಬಾರಿಸಿದ ಏಟಿಗೆ ಮಗನ ಕಿವಿಯ ತಮಟೆ ಹರಿಯಿತು. ಅಪ್ಪನ ತಲೆಗೆ ಹೊಲಿಗೆ, ಮಗನ ಕಿವಿಗೆ ಔಷಧಿ, ಎರಡನ್ನೂ ಒಟ್ಟಿಗೆ ನಾನೇ ಮಾಡಿದೆ.

ನನಗೆ ತಡೆಯಲಾಗಲಿಲ್ಲ. "ಊರನ್ನೆಲ್ಲ ಹೊಡೆದೆ, ಹೆಂಡತಿಯನ್ನು ಹೊಡೆದೆ, ಈಗ ಮಗನನ್ನೂ. ಒಬ್ಬನನ್ನು ಮಾತ್ರ ಯಾಕೆ ಬಿಡುತ್ತೀಯ? ಒಂದು ಕಂಪ್ಲೇಂಟ್ ಕೊಟ್ಟು ಮುಗಿಸು. ಇಲ್ಲ, ನಿನ್ನ ಜೀವ ಉಳಿಸಿದ್ದು ನಾನೇ ಅಂತ ಅವನಿಗೆ ಕೂರಿಸಿ ಹೇಳು."

ಸೂಜಿ ಚುಚ್ಚುವಾಗಲೂ ಅವನು ಮುಖ ಕಿವುಚುತ್ತಿರಲಿಲ್ಲ. "ಬದುಕವ್ನೆ ಅಕ್ಕ. ಅದುಕ್ಕೇ ತಾನೆ ಹೊಡಿತಾವ್ನೆ" ಅಂದ. ಹಾಗನ್ನುವಾಗ ಅವನ ಮುಖದಲ್ಲಿ ನಾನು ಯಾವತ್ತೂ ಕಾಣದ ಒಂದು ಸಮಾಧಾನವಿತ್ತು. ನನಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟೂ ಬಂತು. ದಾರವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದು ಗಂಟು ಹಾಕಿ ಹೊರಡು ಅಂದೆ.

ಹಾಲಿನವಳು ಹೇಳಿದ ಮೇಲೆ ನಾನೂ ಮಣ್ಣಿಗೆ ಹೋದೆ. ಮನೆ ಮುಂದೆ ಶಾಮಿಯಾನ ಹಾಕಿ ಬೆಂಚಿನ ಮೇಲೆ ಮಲಗಿಸಿದ್ದರು. ಏಟು ತಿಂದವರೇ ಅರ್ಧ ಊರು, ಎಲ್ಲ ಬಂದಿದ್ದರು. ಹಲ್ಲು ಹೋದವನು, ಕಿವಿ ಹರಿದವನು, ಮೂಗು ಸೊಟ್ಟಗಾದವನು. ಅವನು ಹಾಗೆ ಹೊಡೆದ, ಹೀಗೆ ಹೊಡೆದ ಅಂತ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಬೀದಿಯ ತುದಿಯಿಂದ ಕಾಲೆಳೆಯುತ್ತ ಆ ತಮ್ಮ ಬಂದ. ಮಗ ಮೂಲೆಯಲ್ಲಿದ್ದ ದೊಣ್ಣೆಗೆ ಕೈ ಹಾಕಿದ.

ಆದರೆ ಅವನಿಗಿಂತ ಮುಂಚೆ ಹೆಣದ ಪಕ್ಕದಿಂದ ಹೆಂಡತಿ ಎದ್ದಳು. ನೇರ ಹೋಗಿ ಅವನ ಅಂಗಿ ಹಿಡಿದು ಮುಖಕ್ಕೆ, ಎದೆಗೆ, ತಲೆಗೆ ಎರಡೂ ಕೈಯಿಂದ ಹೊಡೆದಳು. ಅವಳ ಬಳೆಗಳು ಅವನ ಕೆನ್ನೆಯ ಮೇಲೆ ಒಡೆದವು, ರಕ್ತ ಬಂತು. "ನನ್ ಗಂಡನ್ನ ದಿನಾ ಸಾಯಿಸ್ದಲ್ಲೋ, ಇನ್ನೇನ್ ಉಳ್ದೈತೆ ಅಂತ ಬಂದ್ಯೋ" ಅಂತ ಕೂಗಿದಳು. ಎಷ್ಟು ವರ್ಷದ ಏಟುಗಳನ್ನು, ಯಾರ್ಯಾರಿಗೆ ಸೇರಬೇಕಾದವನ್ನು, ಅವಳು ಅವನ ಮೈಮೇಲೆ ತೀರಿಸಿದಳೋ. ಅವನು ಕೈ ಅಡ್ಡ ತರಲಿಲ್ಲ. ಅವಳೇ ಸುಸ್ತಾಗಿ ನೆಲಕ್ಕೆ ಕುಸಿದಳು.

ಅವನು ಅವಳ ಪಕ್ಕದಿಂದ ಹಾದು ಬೆಂಚಿನ ಹತ್ತಿರ ಹೋದ. ಹೆಣದ ಮುಖ ನೋಡುತ್ತ ನಿಂತ. ಆಮೇಲೆ ಹಾರಗಳನ್ನು ಪಕ್ಕಕ್ಕೆ ತಳ್ಳಿ ಅಂಗಿಯ ಕೊರಳಪಟ್ಟಿ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ತಲೆ ಆ ಕಡೆ ಈ ಕಡೆ ಹೊರಳಿತು.

"ಏಳ್ಲಾ ಬಡ್ಡಿಮಗ್ನೆ. ಎದ್ದೇಳ್ಲಾ. ನಾನಿನ್ ಯಾರ್ನ್ಲಾ ಹೊಡೀಲಿ?"

ಮಗನ ಕೈಯಲ್ಲಿದ್ದ ದೊಣ್ಣೆ ಕೆಳಗೆ ಬಿತ್ತು. ಅವನನ್ನು ಬಿಡಿಸಲು ಯಾರೂ ಹೋಗಲಿಲ್ಲ.